ಉತ್ಸವಚಿತ್ರದ ಎರಡು ಮಾರ್ಗಗಳು

ಹಂಪೆಯ ಅರಮನೆಯ ಪ್ರದೇಶದಲ್ಲಿರುವ ಹಜಾರರಾಮನ ಗುಡಿಯನ್ನು ನೋಡಹೋಗುವವರಲ್ಲಿ ಹೆಚ್ಚಿನವರು ಮೂಡಣ ಬಾಗಿಲಿನಿಂದ ನೇರವಾಗಿ ಒಳಹೊಕ್ಕು, ಮಂಟಪದ ಹೊರಮೈಯಲ್ಲಿ ಮೂರು ಸಾಲುಗಳಾಗಿ ಕೆತ್ತಿರುವ ರಾಮಾಯಣವನ್ನು ಪ್ರದಕ್ಷಿಣಕ್ರಮದಲ್ಲಿ ಓದಿಕೊಂಡು, ರಂಗಮಂಟಪದ ನಾಲ್ಕು ಕರಿಗಲ್ಲಿನ ಕಂಬಗಳ ನುಣುಪನ್ನು ಕೊಂಡಾಡಿ, ಬಂದ ದಾರಿಯಲ್ಲಿಯೇ ಹಿಂದಿರುಗುವರು. ಪ್ರಾಕಾರದ ಹೊರಗೋಡೆಯ ಮೇಲೆ ಒಂದು ಮಹೋತ್ಸವವೇ ಸಾಲುಗಟ್ಟಿ ಸಾಗಿರುವುದು ಅವರ ಕಣ್ಣಿಗೆ ಬೀಳದೆ ಹೋಗುವುದೆಂದಲ್ಲ. ಕಂಡೂ ನೋಡದೆ ಬರುವರು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ರಾಮಾಯಣವು ಮನೆಮನೆಯ ಕಥೆ. ಇದು ಹೊನ್ನಿನ ಜಿಂಕೆ, ಇದು ಸೇತುಬಂಧ ಎಂದು ಗುರುತಿಸುವುದರಲ್ಲಿಯೇ ಒಂದು ಸಂತೋಷವುಂಟು. ಹೊರಗೋಡೆಗೆ ಕಥೆಯಿಲ್ಲ. ಆದುದರಿಂದ ಆನೆ, ಕುದುರೆ, ಸೈನಿಕರು ಎಂದು ಎಣಿಸಿ ಮುಗಿಸಿಬಿಡುವರು. ಶಿಲ್ಪವನ್ನು ಬಲ್ಲವರೂ ಸಹ ಒಳಗಿನ ರಾಮಾಯಣವನ್ನು ಕಾವ್ಯವೆಂದೂ ಹೊರಗಿನದನ್ನು ಬರಿಯ ಅಲಂಕಾರವೆಂದೂ ತಿಳಿದಿರುವಂತೆ ತೋರುವುದು. ನನ್ನ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು. ಉತ್ಸವವೆಂಬ ವಸ್ತುವನ್ನು ಚಿತ್ರದಲ್ಲಿ ಹಿಡಿಯುವುದಕ್ಕೆ ಇರುವ ಮಾರ್ಗಗಳಲ್ಲಿ ಒಂದನ್ನು ಅದರ ಕೊನೆಯ ಮೇರೆಯವರೆಗೆ ಕೊಂಡೊಯ್ದ ಕೃತಿ ಈ ಗೋಡೆ. ರಸದೃಷ್ಟಿಯಿಂದ ಇದನ್ನು ಒಳಗಿನ ರಾಮಾಯಣಕ್ಕಿಂತ ಮೇಲೆಂದೇ ಎಣಿಸತಕ್ಕದ್ದು.

ಹೆಸರಿನ ವಿಷಯವಾಗಿ ಒಂದು ಮಾತು. ಹಜಾರವೆಂದರೆ ಹಿಂದೂಸ್ಥಾನಿಯಲ್ಲಿ ಸಾವಿರವಾದುದರಿಂದ, ಸಾವಿರ ರಾಮರ ಗುಡಿ ಎಂದು ಅರ್ಥಹೇಳುವುದು ರೂಢಿಯಾಗಿದೆ. ಆದರೆ ನಮ್ಮ ಮನೆಗಳಲ್ಲಿ ಬಾಗಿಲು ದಾಟಿದೊಡನೆ ಸಿಕ್ಕುವ ಪಡಸಾಲೆಗೂ ಹಜಾರವೆಂದೇ ಹೆಸರು. ತೆಲುಗಿನಲ್ಲಿ ಹಜಾರಮು ಎಂದರೆ ಅರಮನೆಯ ಮುಂಭಾಗದ ಸಭಾಸ್ಥಾನ. ಅರಮನೆಯ ಹಜಾರದ ಬಳಿಯ ರಾಮನೆಂದು ಹೇಳುವ ವಿದ್ವಾಂಸರ ಪಕ್ಷವೇ ನನಗೆ ಯುಕ್ತವಾಗಿ ಕಾಣುವುದು. ಇದು ಬರಿಯ ಶಬ್ದಚರ್ಚೆಯಲ್ಲ. ಗುಡಿ ನಿಂತಿರುವುದು ಅರಸರ ವಾಸದ ಭಾಗಕ್ಕೂ ಅವರ ಸಾರ್ವಜನಿಕ ಕಾರ್ಯಗಳ ಭಾಗಕ್ಕೂ ನಡುವೆ. ಅದರ ಮೂಡಣ ಬಯಲಿಗೆ ಪಟ್ಟಣದ ಹಲವು ದಾರಿಗಳು ಬಂದು ಕೂಡುತ್ತಿದ್ದುವು. ಅಲ್ಲಿಂದ ಮಹಾನವಮಿಯ ದಿಬ್ಬ ದೂರವಿಲ್ಲ. ಎಂದಮೇಲೆ, ಹೊರಗೋಡೆಯ ಎದುರಿಗೆ ಇದ್ದುದು ಬರಿಯ ಬಯಲಲ್ಲ, ಮೆರವಣಿಗೆಯ ಹಾದಿ. ಕಲ್ಲಿನ ಆನೆ ಒಂದು ಕಡೆ, ನಿಜವಾದ ಆನೆ ಇನ್ನೊಂದು ಕಡೆ. ಬಿಂಬವೂ ಪ್ರತಿಬಿಂಬವೂ ಎದುರುಬದುರಾಗಿ ಸಾಗುವಂತೆ ಮಾಡಿದ ಏರ್ಪಾಡು ಇದು. 1565ರ ತರುವಾಯ ಬಿಂಬವು ಹೋಗಿ ಪ್ರತಿಬಿಂಬವೊಂದೇ ಉಳಿದಿದೆ.

ಗೋಡೆಯಲ್ಲಿ ಐದು ಪಂಕ್ತಿಗಳಿವೆ. ಎಲ್ಲಕ್ಕೂ ಕೆಳಗೆ ಆನೆಗಳು. ಅವುಗಳ ಮೇಲೆ ಆಳುಗಳು ಕಡಿವಾಣ ಹಿಡಿದು ನಡೆಸುವ ಕುದುರೆಗಳು. ಅದರ ಮೇಲೆ ಕಾಲಾಳುಗಳು. ನಾಲ್ಕನೆಯದರಲ್ಲಿ ನರ್ತಕಿಯರೂ ವಾದ್ಯಗಾರರೂ. ಎಲ್ಲಕ್ಕೂ ಮೇಲೆ ವಸಂತದ ಓಕುಳಿಯನ್ನೂ ಗೋಕುಲದ ಆಟಗಳನ್ನೂ ನೆನಪಿಗೆ ತರುವ ಜನರ ಸಂಭ್ರಮ. ಅಲ್ಲಲ್ಲಿ ಮಂಟಪದಲ್ಲಿ ಕುಳಿತು ಇದೆಲ್ಲವನ್ನೂ ನೋಡುವ ರಾಜಪುರುಷನ ಆಕೃತಿಯೂ ಉಂಟು. ಇದು ಮಹಾನವಮಿಯೋ ವಸಂತೋತ್ಸವವೋ ಎಂದು ಕೇಳಿದರೆ, ಎರಡೂ ಎಂದು ಹೇಳಬೇಕಾಗುವುದು. ಶರದೃತುವಿನ ಹಬ್ಬವನ್ನೂ ವಸಂತದ ಹಬ್ಬವನ್ನೂ ಒಂದೇ ಗೋಡೆಯಲ್ಲಿ ಒಂದರ ಮೇಲೊಂದು ನಡೆಯಿಸಿದುದರಿಂದಲೇ ಶಿಲ್ಪಿಯ ಉದ್ದೇಶವು ಒಂದು ದಿನದ ವರದಿಯನ್ನು ಕೊಡುವುದಲ್ಲವೆಂಬುದು ಸಿದ್ಧವಾಗುವುದು.

ಇಲ್ಲಿ ಚರಿತ್ರಕಾರರೊಡನೆ ನನಗೆ ಒಂದು ವಿವಾದವುಂಟು. 1443ರಲ್ಲಿ ಇಲ್ಲಿಗೆ ಬಂದ ಅಬ್ದುರ್ ರಜಾಕನೂ, ಸುಮಾರು 1520ರಲ್ಲಿ ಬಂದ ಪೋರ್ತುಗೀಸ ದೊಮಿಂಗೊ ಪೇಸನೂ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿರುವರು. ಪೇಸನ ಬರಹವು 1900ರಲ್ಲಿ ರಾಬರ್ಟ್ ಸ್ಯೂಯೆಲ್ಲರ ಗ್ರಂಥದ ಮೂಲಕ ಇಂಗ್ಲಿಷಿನಲ್ಲಿ ಬಂದಂದಿನಿಂದ, ಅವನ ಒಂದು ವಾಕ್ಯವನ್ನು ಹಿಡಿದುಕೊಂಡು ಗೋಡೆಯ ಒಂದು ತುಂಡನ್ನು ತೋರಿಸುವುದೂ, ಗೋಡೆಯ ಒಂದು ತುಂಡನ್ನು ಹಿಡಿದುಕೊಂಡು ಅವನ ವಾಕ್ಯಕ್ಕೆ ಸಾಕ್ಷಿ ಹೇಳಿಸುವುದೂ ಪದ್ಧತಿಯಾಗಿದೆ. ಆದರೆ ಗುಡಿಯನ್ನು ವಿದ್ವಾಂಸರು ಸಾಮಾನ್ಯವಾಗಿ ಒಂದನೆಯ ದೇವರಾಯನ ಕಾಲಕ್ಕೆ, ಎಂದರೆ 15ನೆಯ ಶತಮಾನದ ಆರಂಭಕ್ಕೆ ಸೇರಿಸುವರು. ಪೇಸನು ನೋಡಿದುದು ಅದಕ್ಕೆ ನೂರು ವರ್ಷಗಳ ಅನಂತರದ ಹಬ್ಬವನ್ನು. ತಾತನ ಮದುವೆಯ ಚಿತ್ರಕ್ಕೆ ಮೊಮ್ಮಗನ ಮದುವೆಯ ಲಗ್ನಪತ್ರಿಕೆಯಿಂದ ಅರ್ಥಹೇಳಿದಂತೆ ಇದು. ಅದೂ ಇರಲಿ. ಪೇಸನು ಬಲಿಯ ಲೆಕ್ಕವನ್ನು ಕೊಡುವನು: ಮೊದಲು ಇಪ್ಪತ್ತನಾಲ್ಕು ಕೋಣಗಳೂ ನೂರೈವತ್ತು ಕುರಿಗಳೂ, ಕಡೆಯ ದಿನ 250 ಕೋಣಗಳೂ 4500 ಕುರಿಗಳೂ. ಗೋಡೆಯ ಐದು ಪಂಕ್ತಿಗಳ ವಿಷಯವು ಇದಲ್ಲ. ಸಾಕ್ಷಿಯೆಂದು ಕರೆದರೆ ಗೋಡೆಯನ್ನು ಅರ್ಧಸತ್ಯ ಹೇಳಿದ ಸಾಕ್ಷಿಯೆನ್ನಬೇಕಾಗುವುದು. ಚಿತ್ರವೆಂದು ಕರೆದರೆ ಮಾತ್ರ ಆಯ್ಕೆ ಮಾಡುವ ಅಧಿಕಾರವು ಅದಕ್ಕೆ ದೊರೆಯುವುದು; ಏನನ್ನು ಆಯ್ದುಕೊಂಡಿತು, ಹೇಗೆ ಜೋಡಿಸಿತು ಎಂದು ಕೇಳುವ ಹಕ್ಕು ನಮಗೂ ದೊರೆಯುವುದು.

ಇನ್ನು ಅಲಂಕಾರವೆಂಬ ಆಕ್ಷೇಪ. ಇದರಲ್ಲಿ ಸ್ವಲ್ಪ ಸತ್ಯಾಂಶವಿಲ್ಲದೆ ಇಲ್ಲ. ಹಳೆಯ ಚಂಪೂಕಾವ್ಯಗಳಲ್ಲಿ ಅಷ್ಟಾದಶವರ್ಣನೆಗಳು ಬಂದಾಗ ಎಷ್ಟೋ ಓದುಗರು ಹಾಳೆ ತಿರುಗಿಸುವಂತೆ, ಇಲ್ಲಿಯ ಸೈನಿಕರ ಸಾಲಿನಲ್ಲಿ ಕಣ್ಣು ಬೇಗ ಮುಂದಕ್ಕೆ ಹಾಯುವುದು. ಮುಖಗಳಲ್ಲಿ ವ್ಯಕ್ತಿಭೇದವಿಲ್ಲ. ನರ್ತಕಿಯರನ್ನು ಬೇಲೂರಿನ ಮದನಿಕೆಯರ ಪಕ್ಕದಲ್ಲಿ ನಿಲ್ಲಿಸಿದರೆ ಬಡವಾಗುವರು. ಆದರೆ ನ್ಯಾಯವಾಗಿ ನೋಡಬೇಕು. ಹೊಯ್ಸಳರ ಶಿಲ್ಪಿಗೆ ಒದಗಿದುದು ಗಣಿಯಿಂದ ತೆಗೆದಾಗ ಮೃದುವಾಗಿರುವ ಬಳಪದ ಕಲ್ಲು. ನಮ್ಮ ಸೀಮೆಯವನಿಗೆ ಒದಗಿದುದು ಉಳಿಯನ್ನು ಹಿಂದಕ್ಕೆ ಚಿಮ್ಮಿಸುವ ಕಣಶಿಲೆ. ಅವನು ಒಂದೊಂದು ಬಳೆಯನ್ನೂ ಬಿಡಿಸಬಲ್ಲನು. ಇವನು ಹೆಜ್ಜೆಯನ್ನು ಮಾತ್ರ ಬಿಡಿಸಬಲ್ಲನು. ಹಾಗೆಂದೇ ಇವನು ಹೆಜ್ಜೆಯನ್ನೇ ತನ್ನ ವಸ್ತುವನ್ನಾಗಿ ಮಾಡಿಕೊಂಡನು. ಹಳೇಬೀಡಿನಲ್ಲಿಯೂ ಕೆಳಗಿನ ಪಂಕ್ತಿಯಲ್ಲಿ ಆನೆಗಳಿವೆ, ಅದರ ಮೇಲೆ ಸಿಂಹ, ಲತೆ, ಕುದುರೆ, ಮಕರ, ಹಂಸ ಮೊದಲಾದುವು ಬರುವುವು. ಆದರೆ ಅಲ್ಲಿ ಆನೆಗೂ ಹಂಸಕ್ಕೂ ಪರಸ್ಪರ ಸಂಬಂಧವಿಲ್ಲ, ಅವು ಒಂದೇ ಕಟ್ಟಡವನ್ನು ಹೊರುವುವು, ಅಷ್ಟೆ. ಹಜಾರರಾಮನಲ್ಲಿ ಐದು ಪಂಕ್ತಿಗಳೂ ಒಂದೇ ಉತ್ಸವದ ಜನ. ಕಟ್ಟಡದ ಅಲಂಕಾರಕ್ಕೆಂದು ಇದ್ದ ಪಂಕ್ತಿಕ್ರಮವನ್ನು ಮೆರವಣಿಗೆಯ ಕ್ರಮವನ್ನಾಗಿ ಮಾರ್ಪಡಿಸಿದುದೇ ಇಲ್ಲಿಯ ನವೀನತೆ.

ಗೋಡೆಯ ಮುಂದೆ ನಿಂತರೆ ಇದು ತಿಳಿಯದು, ನಡೆಯಬೇಕು. ನಡೆಯುತ್ತ ಬಂದರೆ, ಕೆಳಗಿನ ಆನೆಗಳು ವಿಳಂಬಲಯದಲ್ಲಿ ಸಾಗುವುದೂ, ಕುದುರೆಗಳ ಕಾಲು ಚುರುಕಾಗುವುದೂ, ಮೇಲಿನ ಕುಣಿತವು ದ್ರುತಕ್ಕೆ ಏರುವುದೂ ಗಮನಕ್ಕೆ ಬರುವುದು. ಭಾರವಾದುದು ಕೆಳಗೆ, ಹಗುರವಾದುದು ಮೇಲೆ. ಗುರುವಿನಿಂದ ಲಘುವಿಗೆ, ಬಲದಿಂದ ಲೀಲೆಗೆ. ಆನೆಗಳು ಒಂದರಂತೆ ಒಂದು ಎಂದು ದೂರುವವರು ಹತ್ತು ಆನೆಗಳನ್ನು ಸಾವಕಾಶವಾಗಿ ನೋಡಲಿ: ಸೊಂಡಿಲಿನ ಬಾಗು ಬೇರೆ, ಕಾಲಿನ ಎತ್ತರ ಬೇರೆ. ತಾಳದಲ್ಲಿ ಆವರ್ತವು ಮರಳಿ ಮರಳಿ ಬರುವಂತೆ ಬರುವ ಪುನರುಕ್ತಿ ಇದು. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಮಾರ್ಕಂಡೇಯರು ವಜ್ರರಾಜನಿಗೆ, ನೃತ್ತವನ್ನರಿಯದವನಿಗೆ ಚಿತ್ರವು ತಿಳಿಯದೆಂದು ಹೇಳುವರು. ಪಾಠಶಾಲೆಯಲ್ಲಿ ಈ ಮಾತನ್ನು ಕೇಳಿದಾಗ ಅದು ಅಂಗವಿನ್ಯಾಸಕ್ಕೆ ಮಾತ್ರ ಸಂಬಂಧಪಟ್ಟುದೆಂದು ಹೇಳಿಕೊಡುತ್ತಿದ್ದರು. ಈ ಗೋಡೆಯನ್ನು ನೋಡಿದರೆ ಅದು ಕಾಲಕ್ಕೂ ಸಂಬಂಧಪಟ್ಟುದೆಂದು ತೋರುವುದು. ಉತ್ಸವವೆಂಬುದು ಒಂದು ಕ್ಷಣದಲ್ಲಿ ಇರುವುದಲ್ಲ, ಹೋಗುತ್ತ ಇರುವುದು. ಕ್ಷಣವನ್ನು ಹಿಡಿಯುವ ಚಿತ್ರಕ್ಕೆ ಅದು ಸಿಕ್ಕುವುದಿಲ್ಲ. ಆದುದರಿಂದ ಶಿಲ್ಪಿಯು ಕಾಲವನ್ನು ನೋಡುವವನ ಕಾಲಿಗೇ ವಹಿಸಿಬಿಟ್ಟನು. ನಡೆಯುವವನು ನಿಂತರೆ ಮೆರವಣಿಗೆಯೂ ನಿಲ್ಲುವುದು.

ಇದಕ್ಕೆ ತೀರ ವಿರುದ್ಧವಾದ ಮಾರ್ಗವೊಂದನ್ನು ಪಕ್ಕದಲ್ಲಿ ಇಟ್ಟು ನೋಡಿದರೆ ಗೋಡೆಯ ಗುಣವೂ ಅದರ ಕೊರತೆಯೂ ಇನ್ನಷ್ಟು ಸ್ಪಷ್ಟವಾಗುವುವು. ಅದಕ್ಕೆ ಜಪಾನಿನ ಮರದಚ್ಚಿನ ಚಿತ್ರವೊಂದನ್ನು ಆರಿಸಿಕೊಳ್ಳುತ್ತೇನೆ. ಉತಗವ ಹಿರೋಶಿಗೆ ಎಂಬ ಚಿತ್ರಕಾರನು (1797–1858) ತನ್ನ ಕಡೆಯ ವರ್ಷಗಳಲ್ಲಿ, ಇಂದು ಟೋಕಿಯೋ ಎನಿಸಿಕೊಂಡಿರುವ ಎದೋ ನಗರದ ಪ್ರಸಿದ್ಧ ಸ್ಥಳಗಳನ್ನು ಕುರಿತು ನೂರಕ್ಕೆ ಮಿಕ್ಕಿದ ಚಿತ್ರಗಳ ಒಂದು ಮಾಲೆಯನ್ನು ರಚಿಸಿದನು. ಹಾಲೆಂಡಿನ ವಾನ್ ಗೋ 1887ರಲ್ಲಿ ತೈಲವರ್ಣದಿಂದ ನಕಲುಮಾಡಿದ ಎರಡು ಚಿತ್ರಗಳು ಈ ಮಾಲೆಯವೇ. ನಾನು ಹೇಳಹೊರಟಿರುವುದು 1857ರಲ್ಲಿ ಅಚ್ಚಾದ ಬೇರೊಂದು. ಈ ಚಿತ್ರಗಳು ಒಬ್ಬನ ಕೈಯ ಕೆಲಸವಲ್ಲ. ಚಿತ್ರಕಾರನು ರೇಖೆಗಳನ್ನು ಬರೆದುಕೊಡುವನು. ಆ ಕಾಗದವನ್ನು ಚೆರಿ ಜಾತಿಯ ಮರದ ಹಲಗೆಗೆ ಅಂಟಿಸಿ ಕೆತ್ತುವವನು ಇನ್ನೊಬ್ಬ. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆಯಂತೆ ಬಣ್ಣ ಬಳಿದು, ಮೇಲೆ ಕಾಗದವನ್ನು ಹಾಸಿ ಬೆನ್ನಿನಿಂದ ಉಜ್ಜಿ ಅಚ್ಚೊತ್ತುವವನು ಮತ್ತೊಬ್ಬ. ಹಣ ಹಾಕಿ ಮಾರುವ ಪ್ರಕಾಶಕನು ನಾಲ್ಕನೆಯವನು. ಸಾಮಾನ್ಯರು ಕೊಂಡು ಮನೆಗೆ ಒಯ್ಯಬಹುದಾದ ಬೆಲೆಯ ವಸ್ತು ಅದು. ನಮ್ಮ ಗೋಡೆಯ ಬಳಿಗೆ ನಾವು ಹೋಗಬೇಕು. ಆ ಚಿತ್ರವು ನಮ್ಮ ಬಳಿಗೆ ಬರುವುದು.

ಚಿತ್ರದ ಹೆಸರು ಅದರ ಮೇಲಿನ ಮೂಲೆಯಲ್ಲಿಯೇ ಬರೆದಿದೆ: ಅಸಾಕುಸಾದ ಗದ್ದೆಗಳು, ತೋರಿನೊಮಾಚಿಯ ಯಾತ್ರೆ. ಜಪಾನೀಯರು ದಿನಗಳನ್ನು ಹನ್ನೆರಡು ಪ್ರಾಣಿಗಳ ಹೆಸರಿನಿಂದ ಸುತ್ತುಸುತ್ತಾಗಿ ಎಣಿಸುವುದುಂಟು. ವರ್ಷದ ಹನ್ನೊಂದನೆಯ ತಿಂಗಳಿನಲ್ಲಿ ಕೋಳಿಯ ದಿನ ಬಂದಾಗ ಓತೋರಿ ದೇವಸ್ಥಾನದಲ್ಲಿ ಜಾತ್ರೆ. ಬಿದಿರಿನ ಜಂತಕುಂಟೆಯಂತಹ ಸಾಧನವನ್ನು ಅಲಂಕರಿಸಿ ಮಾರುವರು. ಅದೃಷ್ಟವನ್ನು ಎಳೆದುಕೊಳ್ಳಲೆಂದು ಜನರು ಅದನ್ನು ಕೊಂಡು ಹೆಗಲ ಮೇಲಿಟ್ಟು ಮನೆಗೆ ತರುವರು. ಇಷ್ಟನ್ನು ತಿಳಿದು ಚಿತ್ರವನ್ನು ಬಿಚ್ಚಿದರೆ ಜಾತ್ರೆಯೇ ಕಾಣುವುದಿಲ್ಲ. ಕಾಣುವುದು ಒಂದು ಮನೆಯ ಒಳಭಾಗ. ಸರಳುಗಳ ಒಂದು ಕಿಟಕಿ. ಕಿಟಕಿಯ ದಂಡೆಯ ಮೇಲೆ ಮೈ ಮುದುಡಿಕೊಂಡು ಹೊರಗೆ ನೋಡುತ್ತಿರುವ ಒಂದು ಬಿಳಿಯ ಬೆಕ್ಕು. ಪಕ್ಕದಲ್ಲಿ ಒಂದು ನೀರಿನ ಬಟ್ಟಲು, ಒಂದು ಕೈವಸ್ತ್ರ. ಹೊರಗೆ ಸಂಜೆಯ ಕೆಂಪು, ದೂರದಲ್ಲಿ ಫ್ಯೂಜಿ ಪರ್ವತ, ಗೂಡಿಗೆ ಮರಳುವ ಹಕ್ಕಿಗಳ ಸಾಲು. ಬಹಳ ಹೊತ್ತು ನೋಡಿದ ಮೇಲೆ, ಗದ್ದೆಗಳ ಆಚೆ ಇರುವೆಯ ಸಾಲಿನಂತೆ ಕಪ್ಪಾಗಿ ಸಾಗುತ್ತಿರುವ ಗುಂಪೂ, ಅದರ ಮೇಲೆ ಎದ್ದುನಿಂತಿರುವ ಕುಂಟೆಗಳ ಆಕಾರವೂ ಗೋಚರಿಸುವುವು. ಅದೇ ಉತ್ಸವ.

ಆನಂದವರ್ಧನನ ಶಾಸ್ತ್ರವನ್ನು ಓದಿದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಕಿಟಕಿ ಯಾರದು? ಅಸಾಕುಸಾದ ಗದ್ದೆಗಳ ನಡುವೆ, ಕಂದಕದಿಂದ ಸುತ್ತುವರಿದ ಯೋಶಿವರ ಎಂಬ ಗಣಿಕೆಯರ ಕೇರಿಯಿತ್ತು. ಸಾಲಕ್ಕೆ ಕಟ್ಟುಬಿದ್ದು ಅಲ್ಲಿ ಸೇರಿದ ಹೆಣ್ಣಿಗೆ ಇಚ್ಛೆಬಂದಂತೆ ಹೊರಗೆ ಹೋಗುವ ಸ್ವಾತಂತ್ರ್ಯವಿರಲಿಲ್ಲ. ಚಿತ್ರದ ಕೆಳಭಾಗದಲ್ಲಿ ನೆಲದ ಮೇಲೆ ಕಾಗದದ ಹೊದಿಕೆಯಿಂದ ಹೊರಬಂದಿರುವ ಕೂದಲಿನ ಪಿನ್ನುಗಳಿವೆ. ಅವುಗಳ ತುದಿಯೂ ಅದೇ ಜಾತ್ರೆಯ ಕುಂಟೆಯ ಆಕಾರದ್ದೆ. ಜಾತ್ರೆಯಿಂದ ಬಂದವನು ಯಾರೋ ತಂದುಕೊಟ್ಟ ಉಡುಗೊರೆ ಅದು. ತಂದವನೂ ಕಾಣುವುದಿಲ್ಲ, ಪಡೆದವಳೂ ಕಾಣುವುದಿಲ್ಲ. ಬದಿಯಲ್ಲಿ ಒಂದು ತೆರೆಯ ಅಂಚು ಮಾತ್ರ. ಬಟ್ಟಲು, ಕೈವಸ್ತ್ರ, ಪಿನ್ನು, ಬೆಕ್ಕು ಇವು ವಾಚ್ಯ. ಹಬ್ಬಕ್ಕೆ ಹೋಗಲಾರದವಳ ಮನಸ್ಸು ವ್ಯಂಗ್ಯ. ಅದನ್ನು ಹೇಳುವ ಒಂದು ಗೆರೆಯೂ ಚಿತ್ರದಲ್ಲಿಲ್ಲ, ಅದನ್ನು ಹೇಳದ ಒಂದು ಗೆರೆಯೂ ಇಲ್ಲ. ನಮ್ಮ ಸಂಡೂರಿನ ವಾಚಕರಿಗೆ ಇದು ದೂರದ ಮಾತಾಗಲಾರದು. ಕುಮಾರಸ್ವಾಮಿಯು ತಾಯಿಯ ಮೇಲೆ ಮುನಿದು ಕುಡಿದ ಹಾಲನ್ನು ಕಕ್ಕಿದನೆಂದೂ, ಬೆಟ್ಟದ ಬಿಳಿಯ ವಿಭೂತಿಯು ಆ ಹಾಲೇ ಎಂದೂ ಸ್ಥಳಪುರಾಣವು ಹೇಳುವುದು. ಹೆಂಗಸರು ಆ ದೇವರ ದರ್ಶನಕ್ಕೆ ಒಳಹೋಗಬಾರದೆಂಬ ನಡವಳಿಕೆಯು ಬಹುಕಾಲದಿಂದ ಬಂದುದು. ಕಾರ್ತಿಕದ ಜಾತ್ರೆಗೆ ಗಂಡಸರಿಗೆ ಬುತ್ತಿ ಕಟ್ಟಿಕೊಟ್ಟು, ಹಿಂದಿರುಗಿದವರ ಕೈಯಿಂದ ಪ್ರಸಾದವನ್ನು ಪಡೆದ ಎಷ್ಟು ತಲೆಮಾರುಗಳ ತಾಯಂದಿರು ಇಲ್ಲಿ ಆಗಿಹೋಗಿರುವರೋ! ಅವರ ಜಾತ್ರೆಯನ್ನು ನಮ್ಮಲ್ಲಿ ಯಾರೂ ಬರೆದಿಲ್ಲ. ಎದೋ ನಗರದ ಚಿತ್ರಕಾರನು ಒಂದು ಬೆಕ್ಕನ್ನು ಕುಳ್ಳಿರಿಸಿ ಬರೆದನು.

ಇಷ್ಟನ್ನು ಹೇಳಿದಮೇಲೆ, ಧ್ವನಿಯುಳ್ಳುದು ಉತ್ತಮಕಾವ್ಯ, ಇಲ್ಲದುದು ಅಧಮ ಎಂಬ ಸೂತ್ರವನ್ನು ಹಿಡಿದು ಗೋಡೆಯನ್ನು ಕೆಳಗಿಳಿಸಿಬಿಡುವುದು ಸುಲಭ. ಆ ಸೂತ್ರವನ್ನು ಯಂತ್ರದಂತೆ ಪ್ರಯೋಗಿಸುವುದಕ್ಕೆ ನಾನು ಒಪ್ಪಲಾರೆ. ಹಿರೋಶಿಗೆಯ ಚಿತ್ರದಲ್ಲಿ ಹಬ್ಬದ ಹೊರಗೆ ಉಳಿದವಳ ದುಃಖವಿದೆ, ಹಬ್ಬವಿಲ್ಲ. ಬೆಕ್ಕನ್ನು ನೋಡಿದವನಿಗೆ ಏಕಾಂತವು ತಿಳಿಯುವುದೇ ಹೊರತು, ಸಾವಿರ ಜನರ ನಡುವೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದವನ ಮೈಯಲ್ಲಿ ಏಳುವ ಉಬ್ಬು ತಿಳಿಯುವುದಿಲ್ಲ. ಅದನ್ನು ತಿಳಿಸಬಲ್ಲುದು ಗೋಡೆ. ಗೋಡೆಗೆ ತಿಳಿಯದಿರುವುದು, ಬರಲಾರದೆ ಉಳಿದವರು. ಅಲ್ಲಿ ಮಂಟಪದ ರಾಜಪುರುಷನು ನೋಡುವನು. ಉಳಿದವರೆಲ್ಲ ಅವನಿಗೆ ಕಾಣುವರು. ಕಾಣಿಸಿಕೊಳ್ಳುವವರಲ್ಲಿ ಒಬ್ಬನಾದರೂ ತಲೆ ತಿರುಗಿಸಿ ಬೇರೆ ಕಡೆಗೆ ನೋಡಿದನೇ, ಆನೆಯ ಕಾಲಿನ ಬಳಿ ಸಿಕ್ಕಿದ ಮಗುವೊಂದು ಹೆದರಿತೇ ಎಂದು ಹುಡುಕಬೇಕೆನ್ನಿಸುವುದು. ಅಂತಹ ಸ್ವಭಾವೋಕ್ತಿಗೆ ಈ ಪಂಕ್ತಿಗಳ ಶಾಸನದಲ್ಲಿ ಅವಕಾಶವಿಲ್ಲ. ಅರಸನ ಕಣ್ಣಿನಿಂದ ನೋಡಿದ ಉತ್ಸವ ಇದು. ಅದರಲ್ಲಿ ಎಲ್ಲರೂ ಬಂದಿರುವರು, ಎಲ್ಲರೂ ಸರಿಯಾದ ಸಾಲಿನಲ್ಲಿರುವರು. ಮೇಲಿನ ಪಂಕ್ತಿಯ ಓಕುಳಿಯಲ್ಲಿ ಮಾತ್ರ ಸಾಲು ಸ್ವಲ್ಪ ಸಡಿಲುವುದು. ಆ ಸಡಿಲು ಕಣ್ಣಿಗೆ ಅತ್ಯಂತ ದೂರವಾದ ಎತ್ತರದಲ್ಲಿರುವುದು ಆಕಸ್ಮಿಕವೋ ಉದ್ದೇಶಪೂರ್ವಕವೋ, ವಾಚಕರು ನೋಡಿ ನಿರ್ಣಯಿಸಲಿ.

ಈ ಎರಡು ಮಾರ್ಗಗಳಿಗೂ ಸೇರದ ಉತ್ಸವಚಿತ್ರಗಳು ನಮ್ಮಲ್ಲಿ ಇಲ್ಲದಿಲ್ಲ. ವಿರೂಪಾಕ್ಷನ ಗುಡಿಯ ಮಹಾರಂಗಮಂಟಪದ ಮೇಲ್ಚಾವಣಿಯಲ್ಲಿ ವಿದ್ಯಾರಣ್ಯರನ್ನು ಪಲ್ಲಕ್ಕಿಯಲ್ಲಿ ಕೊಂಡೊಯ್ಯುವ ಮೆರವಣಿಗೆಯ ಚಿತ್ರವಿದೆ. ಮಂಟಪವು ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ್ದಾದರೂ ಚಿತ್ರಗಳು ಅಷ್ಟು ಹಳೆಯವೋ ಅಲ್ಲವೋ ಎಂಬ ವಿವಾದವಿದೆ. ಬಣ್ಣದ ಸೊಗಸಿಗೆ ಅದರಿಂದ ಬಾಧಕವಿಲ್ಲ. ಆದರೆ ಕತ್ತನ್ನು ಹಿಂದಕ್ಕೆ ಬಾಗಿಸಿ ಎಷ್ಟು ಹೊತ್ತು ನೋಡಲಾದೀತು? ನೋಡುವವನ ಶರೀರವನ್ನು ಚಿತ್ರಕಾರನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೈಸೂರಿನ ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿ ದಸರೆಯ ಮೆರವಣಿಗೆಯನ್ನು ತೋರಿಸುವ 26 ದೊಡ್ಡ ಚಿತ್ರಗಳಿವೆ. ಅವುಗಳನ್ನು ಛಾಯಾಚಿತ್ರಗಳ ಆಧಾರದಿಂದ ಬರೆದರು. ಒಂದೊಂದು ಮುಖವೂ ನಿಜವಾದ ಒಬ್ಬನ ಮುಖ. ಹಜಾರರಾಮನ ಗೋಡೆಯಲ್ಲಿ ಇಲ್ಲವೆಂದು ನಾನು ದೂರಿದ ವ್ಯಕ್ತಿಭೇದವು ಅಲ್ಲಿ ಯಥೇಷ್ಟವಾಗಿದೆ. ಆದರೆ ಪ್ರತಿಯೊಬ್ಬನೂ ತಾನು ಗುರುತಿಗೆ ಬರಲೆಂದು ನಿಂತಿರುವನು, ನಡೆಯುವವನು ಕಡಮೆ. ವಿಜಯನಗರದಿಂದ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಮೈಸೂರಿಗೆ ಹಬ್ಬವು ಬಂದಿತು. ಹೆಜ್ಜೆಯನ್ನು ಕೆತ್ತುವ ವಿದ್ಯೆಯು ಅದರ ಹಿಂದೆ ಬಂದಂತೆ ಕಾಣುವುದಿಲ್ಲ.

ಹೊಸಪೇಟೆ ಕಂಪ್ಲಿಗಳ ಕಡೆಯಿಂದಾಗಲಿ ನಮ್ಮ ಸಂಡೂರಿನಿಂದಾಗಲಿ ಹಂಪೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಸೂಚನೆ. ಕೆತ್ತನೆಯು ತೆಳುವಾದುದರಿಂದ ನಡುಹಗಲಿನ ಬಿಸಿಲಿನಲ್ಲಿ ಗೋಡೆಯು ಚಪ್ಪಟೆಯಾಗಿ ಕಾಣುವುದು; ಆ ಹೊತ್ತಿನಲ್ಲಿ ನೋಡಿದವರೇ ಅದನ್ನು ಅಲಂಕಾರವೆಂದು ತೀರ್ಮಾನಿಸಿದವರು. ಬಿಸಿಲೇರಿದ ಸ್ವಲ್ಪ ಹೊತ್ತಿನೊಳಗೆ ಮೂಡಣ ಗೋಡೆಯನ್ನೂ, ಇಳಿಹೊತ್ತಿನಲ್ಲಿ ಪಡುವಣ ಗೋಡೆಯನ್ನೂ ನೋಡಬೇಕು. ಆಗ ಓರೆಯಾದ ಬೆಳಕಿನಲ್ಲಿ ಒಂದೊಂದು ಕಾಲಿನ ಕೆಳಗೂ ನೆರಳು ಬೀಳುವುದು. ಮೊದಲ ಸುತ್ತಿನಲ್ಲಿ ಆನೆಗಳನ್ನು ಮಾತ್ರ ನೋಡಲಿ, ಎರಡನೆಯದರಲ್ಲಿ ಕುದುರೆಗಳನ್ನು. ಉಳಿದುವನ್ನು ಕಾಲಿನ ಶಕ್ತಿಯಿದ್ದಂತೆ. ರಾಮಾಯಣಕ್ಕೆ ಆಮೇಲೆ ಒಳಗೆ ಹೋದರಾಯಿತು.